ದಂಡವು ಯಾರದು?

ದಂಡವಿಲ್ಲದೆ ರಾಜ್ಯವಿಲ್ಲವೆಂಬುದು ಪ್ರಾಚೀನರ ನಿರ್ಣಯ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯುವುದಕ್ಕಾಗಿಯೇ ರಾಜತ್ವವು ಹುಟ್ಟಿತೆಂದೂ, ರಾಜನ ಕೈಗೆ ದಂಡವು ಬಂದುದು ದುರ್ಬಲರ ರಕ್ಷಣೆಗೋಸ್ಕರವೆಂದೂ ಶಾಸ್ತ್ರಕಾರರು ಹೇಳಿದರು. ಅವರೇ ಇನ್ನೊಂದು ಮಾತನ್ನೂ ಹೇಳದೆ ಬಿಡಲಿಲ್ಲ. ದಂಡವು ತೀಕ್ಷ್ಣವಾದರೆ ಪ್ರಜೆಗಳು ತಲ್ಲಣಿಸುವರು, ಮೃದುವಾದರೆ ಪ್ರಭುವು ತಿರಸ್ಕೃತನಾಗುವನು, ತಕ್ಕಷ್ಟಾದರೆ ಮಾತ್ರ ಪೂಜ್ಯನಾಗುವನು ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದ ಅಭಿಪ್ರಾಯ. ಧರ್ಮದಿಂದ ಜಾರಿದ ರಾಜನನ್ನು ಆ ದಂಡವೇ ಬಂಧುಬಾಂಧವರೊಡನೆ ಕೆಡಹುವುದೆಂದು ಮನುಸ್ಮೃತಿಯು ಎಚ್ಚರಿಸುತ್ತದೆ. ಹೀಗೆ ದಂಡವು ಪ್ರಜೆಗೆ ಎಷ್ಟು ಭಯಪ್ರದವೋ ಅದನ್ನು ಹಿಡಿದವನಿಗೂ ಅಷ್ಟೇ ಭಯಪ್ರದವೆಂಬುದು ಹಳೆಯ ರಾಜನೀತಿಯ ಸಾರ.

ಆ ಕಾಲದಲ್ಲಿ ಒಂದು ವಿಷಯ ಮಾತ್ರ ಸ್ಪಷ್ಟವಾಗಿದ್ದಿತು. ದಂಡವು ರಾಜನದು. ಅದು ಅನ್ಯಾಯವಾಗಿ ಬಿದ್ದರೆ ಪಾಪವು ರಾಜನದು, ನೋವು ಪ್ರಜೆಯದು. ಪ್ರಜೆಯು ಮೊರೆಯಿಡಬಹುದಾಗಿತ್ತು, ಊರು ಬಿಟ್ಟು ಹೋಗಬಹುದಾಗಿತ್ತು, ದಂಗೆಯೇಳಬಹುದಾಗಿತ್ತು. ಆದರೆ ಆ ಏಟಿನ ಪಾಪದಲ್ಲಿ ಅವನಿಗೆ ಪಾಲಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಈ ನೆಮ್ಮದಿ ಉಳಿದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವೂ ಭಾರತದ ಸಂವಿಧಾನವೂ ಜನರ ಹೆಸರಿನಿಂದಲೇ ಆರಂಭವಾಗುತ್ತವೆ. ಕಾಯಿದೆಯನ್ನು ಮಾಡುವವರು ಜನರು ಆರಿಸಿದವರು. ಪೋಲೀಸಿನವನ ಸಂಬಳವು ಜನರು ತೆತ್ತ ಕಂದಾಯದಿಂದ ಬಂದುದು. ಅವನ ಕೈಯ ಲಾಠಿಯು ಜನರ ಅಪ್ಪಣೆಯ ಗುರುತು. ಹಾಗಾದಮೇಲೆ ಆ ಲಾಠಿಯು ನಿರಪರಾಧಿಯ ತಲೆಯ ಮೇಲೆ ಬಿದ್ದಾಗ ಹೊಡೆದವರು ಯಾರು? ಮನೆಯಲ್ಲಿ ಕುಳಿತು ಮಾರನೆಯ ದಿನದ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದುವ ಗೃಹಸ್ಥನಿಗೆ ಅದರಲ್ಲಿ ಏನಾದರೂ ಹೊಣೆಯುಂಟೆ? ಹೊಣೆಯುಂಟಾದರೆ ಅವನ ಕರ್ತವ್ಯವೇನು? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದು ಕಷ್ಟ. ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು.

ಅಮೆರಿಕಾದ ಆಲಬಾಮ ಸಂಸ್ಥಾನದಲ್ಲಿ ಸೆಲ್ಮಾ ಎಂಬುದೊಂದು ಸಣ್ಣ ಪಟ್ಟಣ. ವರ್ಣಭೇದದಿಂದ ಯಾರ ಮತದಾನದ ಹಕ್ಕನ್ನೂ ಕಸಿಯಕೂಡದೆಂದು ಆ ದೇಶದ ರಾಜ್ಯಾಂಗಕ್ಕೆ ೧೮೭೦ರಲ್ಲಿಯೇ ತಿದ್ದುಪಡಿಯಾಗಿದ್ದಿತು. ಆದರೂ ೧೯೬೫ರ ಆರಂಭದಲ್ಲಿ ಸೆಲ್ಮಾ ಸೇರಿದ್ದ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿಗೆ ಬಂದಿದ್ದ ಸುಮಾರು ೧೫,೦೦೦ ಮಂದಿ ಕಪ್ಪು ವರ್ಣದ ಪ್ರಜೆಗಳ ಪೈಕಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಮೂರು ಮಂದಿಗಿಂತಲೂ ಕಡಮೆ. ಹೆಸರು ಬರೆದುಕೊಳ್ಳುವ ಕಚೇರಿಯ ಬಾಗಿಲು ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಬಂದವರಿಗೆ ಓದುಬರಹದ ಪರೀಕ್ಷೆ. ಆ ಪರೀಕ್ಷೆಯಲ್ಲಿ ತೇರ್ಗಡೆ ಮಾಡುವುದೂ ಬಿಡುವುದೂ ಬಿಳಿಯ ಅಧಿಕಾರಿಯ ಇಷ್ಟ. ಕಾಯಿದೆಯು ಕೊಟ್ಟುದನ್ನು ಕಚೇರಿಯು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಿತು. ಇದನ್ನು ಪ್ರತಿಭಟಿಸಿ ಸಾಲಾಗಿ ನಿಂತವರನ್ನು ಷೆರಿಫನ ಪೋಲೀಸರು ಸೆರೆಮನೆಗೆ ಎಳೆದೊಯ್ಯುತ್ತಿದ್ದರು. ಫೆಬ್ರವರಿ ೧೮ರ ರಾತ್ರಿ ಹತ್ತಿರದ ಮೇರಿಯನ್ ಎಂಬ ಊರಿನಲ್ಲಿ ಮೆರವಣಿಗೆಯನ್ನು ಚದರಿಸುವಾಗ, ಪೆಟ್ಟು ತಿನ್ನುತ್ತಿದ್ದ ತಾಯಿಗೆ ಅಡ್ಡಬಂದ ಜಿಮ್ಮಿ ಲೀ ಜಾಕ್ಸನ್ ಎಂಬ ಇಪ್ಪತ್ತಾರು ವರ್ಷದ ಯುವಕನಿಗೆ ಸಂಸ್ಥಾನದ ಪೋಲೀಸಿನವನೊಬ್ಬನು ಗುಂಡು ಹಾರಿಸಿದನು. ಎಂಟು ದಿನಗಳ ತರುವಾಯ ಅವನು ತೀರಿಕೊಂಡನು.

ಆ ಸಾವಿನ ಅಹವಾಲನ್ನು ೫೪ ಮೈಲಿ ದೂರದ ರಾಜಧಾನಿ ಮಾಂಟ್‌ಗೊಮೆರಿಯವರೆಗೆ ಕಾಲುನಡಿಗೆಯಲ್ಲಿ ಒಯ್ಯಬೇಕೆಂದು ಜನರು ನಿಶ್ಚಯಿಸಿದರು. ಗವರ್ನರ್ ಜಾರ್ಜ್ ವಾಲೆಸ್ ಮೆರವಣಿಗೆಯನ್ನು ನಿಷೇಧಿಸಿದನು. ಮಾರ್ಚಿ ೭, ಭಾನುವಾರ, ಸುಮಾರು ೬೦೦ ಮಂದಿ ಇಬ್ಬಿಬ್ಬರಾಗಿ ಸಾಲುಗಟ್ಟಿ ಇಗರ್ಜಿಯಿಂದ ಹೊರಟರು. ಮುಂದಿನ ಸಾಲಿನಲ್ಲಿ ಹೋಸಿಯಾ ವಿಲಿಯಮ್ಸ್ ಎಂಬವನೂ ಇಪ್ಪತ್ತೈದು ವರ್ಷದ ಜಾನ್ ಲೂಯಿಸನೂ ಇದ್ದರು. ಊರಾಚೆಯ ನದಿಯ ಮೇಲಣ ಸೇತುವೆಗೆ, ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಪಕ್ಷದಲ್ಲಿ ಕಾದಿದ್ದ ಎಡ್ಮಂಡ್ ಪೆಟಸ್ ಎಂಬ ದಳಪತಿಯ ಹೆಸರು. ಆ ಸೇತುವೆಯು ನಡುವೆ ಕಮಾನಿನಂತೆ ಎತ್ತರವಾಗಿರುವುದು. ಈಚೆಯವರಿಗೆ ಆಚೆಯ ದಡ ಕಾಣದು. ನೆತ್ತಿಯನ್ನು ಏರಿದ ಮೇಲೆಯೇ ಮೆರವಣಿಗೆಯವರಿಗೆ ಎದುರುಗಡೆ ರಸ್ತೆಗೆ ಅಡ್ಡಲಾಗಿ ನಿಂತಿದ್ದ ಪೋಲೀಸರ ಗೋಡೆ ಕಾಣಿಸಿತು. ಚದರಿಹೋಗುವುದಕ್ಕೆ ಎರಡು ನಿಮಿಷಗಳ ಅವಕಾಶವನ್ನು ಅಧಿಕಾರಿಯು ಸಾರಿದನು. ಆ ಎರಡು ನಿಮಿಷಗಳು ಕಳೆಯುವುದಕ್ಕೆ ಮೊದಲೇ ಪೋಲೀಸರು ನುಗ್ಗಿದರು. ದೊಣ್ಣೆ, ಅಶ್ರುವಾಯು, ಅದರ ಹಿಂದೆ ಕುದುರೆ ಸವಾರರು. ಲೂಯಿಸನ ತಲೆಬುರುಡೆ ಒಡೆಯಿತು. ವಯಸ್ಸಾದ ಹೆಂಗಸರು ಪ್ರಜ್ಞೆತಪ್ಪಿ ಬಿದ್ದರು. ಐವತ್ತಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಬೇಕಾಯಿತು. ಮೆರವಣಿಗೆಯವರಲ್ಲಿ ಒಬ್ಬನೂ ಕೈಯೆತ್ತಲಿಲ್ಲ.

ಆ ರಾತ್ರಿ ಅಮೆರಿಕಾದ ಮನೆಮನೆಗಳಲ್ಲಿ ಜನರು ದೂರದರ್ಶನದ ಮುಂದೆ ಕುಳಿತು ಒಂದು ಚಲನಚಿತ್ರವನ್ನು ನೋಡುತ್ತಿದ್ದರು. ಜರ್ಮನಿಯ ನಾಜಿ ಆಳ್ವಿಕೆಯಲ್ಲಿ ಸರ್ಕಾರದ ಕಾಯಿದೆಗೆ ತಲೆಬಾಗಿ ಅನ್ಯಾಯದ ತೀರ್ಪುಗಳನ್ನು ಕೊಟ್ಟ ನ್ಯಾಯಾಧೀಶರ ವಿಚಾರಣೆಯೇ ಅದರ ಕಥೆ. ನಡುವೆ ಅದನ್ನು ನಿಲ್ಲಿಸಿ ಸೇತುವೆಯ ದೃಶ್ಯಗಳನ್ನು ತೋರಿಸಿದರು. ಪರದೇಶದ ಪಾಪವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ ಗೃಹಸ್ಥನಿಗೆ ಸ್ವದೇಶದ ಪಾಪವು ಅದೇ ಪರದೆಯ ಮೇಲೆ ಎದುರಾಯಿತು. ಎರಡೇ ದಿನಗಳಲ್ಲಿ ಬೇರೆಬೇರೆ ಊರುಗಳಿಂದ ನೂರಾರು ಮಂದಿ, ಬಿಳಿಯರೂ ಸೇರಿ, ಸೆಲ್ಮಾಕ್ಕೆ ಬಂದರು. ಹಾಗೆ ಬಂದ ಜೇಮ್ಸ್ ರೀಬ್ ಎಂಬ ಬಿಳಿಯ ಪಾದ್ರಿಯನ್ನು ಅಲ್ಲಿನ ಕೆಲವು ಬಿಳಿಯರು ಬೀದಿಯಲ್ಲಿ ಹೊಡೆದರು. ಮಾರ್ಚಿ ೧೧ರಂದು ಆತನು ಮೃತನಾದನು. ಮಾರ್ಚಿ ೧೫ರಂದು ಅಧ್ಯಕ್ಷ ಜಾನ್ಸನ್ ಶಾಸನಸಭೆಗಳ ಮುಂದೆ ನಿಂತು ಮತದಾನದ ಹಕ್ಕಿನ ಕಾಯಿದೆಯನ್ನು ಬೇಡಿದನು. ೧೭ರಂದು ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ಮೆರವಣಿಗೆಗೆ ಅನುಮತಿಯಿತ್ತನು. ೨೧ರಂದು ಅದೇ ಸೇತುವೆಯ ಮೇಲೆ, ಈ ಸಲ ರಾಷ್ಟ್ರಸರ್ಕಾರದ ಅಂಕೆಗೆ ಬಂದ ಸೈನಿಕರ ಕಾವಲಿನಲ್ಲಿ, ಜನರು ನಡೆದರು. ೨೫ರಂದು ರಾಜಧಾನಿಯನ್ನು ಮುಟ್ಟುವ ಹೊತ್ತಿಗೆ ಅವರ ಸಂಖ್ಯೆ ೨೫,೦೦೦ಕ್ಕೆ ಬೆಳೆದಿದ್ದಿತು. ಆಗಸ್ಟ್ ೬ರಂದು ಕಾಯಿದೆಗೆ ಅಧ್ಯಕ್ಷನ ಅಂಕಿತ ಬಿದ್ದಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾರ್ಚಿ ೭ರಂದು ಆ ರಸ್ತೆಯಲ್ಲಿ ನಿಂತಿದ್ದುದೂ ರಾಜ್ಯದ ದಂಡವೇ, ೨೧ರಂದು ನಿಂತಿದ್ದುದೂ ರಾಜ್ಯದ ದಂಡವೇ. ಒಂದು ತಲೆಯೊಡೆಯಿತು, ಇನ್ನೊಂದು ತಲೆಗಾಯಿತು. ದಂಡಕ್ಕೆ ತನ್ನದಾದ ಗುಣವಾಗಲಿ ದೋಷವಾಗಲಿ ಇಲ್ಲ. ಅದು ಯಾರಿಗೆ ಉತ್ತರ ಹೇಳಬೇಕಾಗಿದೆಯೋ ಅವರ ಧರ್ಮವೇ ಅದರ ಧರ್ಮ. ಮೊದಲ ದಿನ ಅದು ಮತದಾರರ ಪಟ್ಟಿಯಲ್ಲಿದ್ದವರಿಗೆ ಮಾತ್ರ ಉತ್ತರ ಹೇಳುತ್ತಿದ್ದಿತು; ಎರಡು ವಾರಗಳಲ್ಲಿ ಇಡೀ ದೇಶಕ್ಕೆ ಉತ್ತರ ಹೇಳಬೇಕಾಯಿತು. ಈ ಬದಲಾವಣೆಯನ್ನು ತಂದುದು ಪ್ರತಿಭಟನೆ. ಆದುದರಿಂದ ಪ್ರಜಾಪ್ರಭುತ್ವದಲ್ಲಿ ಪ್ರತಿಭಟನೆಯನ್ನು ರಾಜದ್ರೋಹವೆಂದು ಬಗೆಯುವುದು ವಿಚಾರದ ತಪ್ಪು. ಆಳು ತಪ್ಪಿ ನಡೆದಾಗ ಯಜಮಾನನು ಅವನನ್ನು ಕರೆದು ಲೆಕ್ಕ ಕೇಳುವಂತೆ, ಜನರು ತಮ್ಮ ದಂಡದ ಲೆಕ್ಕವನ್ನು ಕೇಳುವ ರೀತಿ ಅದು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಅವುಗಳಲ್ಲಿ ಮೂರು ಮುಖ್ಯವಾದವು, ಮೂರರಲ್ಲಿಯೂ ಸತ್ಯಾಂಶವುಂಟು.

ಗವರ್ನರನ ನಿಷೇಧವಿದ್ದಾಗ ಮೆರವಣಿಗೆ ಹೊರಟುದೇ ತಪ್ಪು. ಪೋಲೀಸರು ಆಜ್ಞೆಯನ್ನು ನಡೆಸಿದರು. ಶಾಂತಿಯೇ ಮೊದಲು, ಉಳಿದುದು ಆಮೇಲೆ ಎಂಬುದು ಮೊದಲನೆಯ ಆಕ್ಷೇಪಣೆ. ಶಾಂತಿಯು ದೊಡ್ಡ ವಸ್ತುವೆಂಬುದನ್ನು ಅಲ್ಲಗಳೆಯುವವರು ಶಾಂತಿಯಿಲ್ಲದ ಊರಿನಲ್ಲಿ ಬಾಳಿದವರಲ್ಲ. ಆದರೆ ನ್ಯಾಯಾಧೀಶ ಜಾನ್ಸನನು ತನ್ನ ತೀರ್ಪಿನಲ್ಲಿ ಒಂದು ಅಳತೆಗೋಲನ್ನು ಕೊಟ್ಟನು. ಪ್ರತಿಭಟಿಸುತ್ತಿರುವ ಅನ್ಯಾಯವು ಎಷ್ಟು ಘೋರವೋ, ಸಾರ್ವಜನಿಕ ರಸ್ತೆಯಲ್ಲಿ ಕೂಡಿ ನಡೆದು ಪ್ರತಿಭಟಿಸುವ ಹಕ್ಕಿನ ವಿಸ್ತಾರವೂ ಅದಕ್ಕೆ ತಕ್ಕಷ್ಟಿರಬೇಕು ಎಂಬುದೇ ಅದರ ತಾತ್ಪರ್ಯ. ಕೌಟಿಲ್ಯನು ದಂಡಕ್ಕೆ ಹೇಳಿದ ತಕ್ಕಷ್ಟೆಂಬ ಪ್ರಮಾಣವನ್ನು ಈತನು ಪ್ರತಿಭಟನೆಗೂ ಹಚ್ಚಿದನು. ಸಣ್ಣ ಕುಂದಿಗೆ ಊರ ದಾರಿಯನ್ನೆಲ್ಲ ಕಟ್ಟಿಹಾಕುವುದು ಅತಿರೇಕ. ಆದರೆ ತೊಂಬತ್ತೈದು ವರ್ಷ ಕಾಲ ರಾಜ್ಯಾಂಗದ ಮಾತನ್ನು ನಡೆಸದೆ ಇದ್ದವರು ನಾಲ್ಕು ದಿನ ರಸ್ತೆಯಲ್ಲಿ ವಾಹನಸಂಚಾರಕ್ಕೆ ಅಡ್ಡಿಯಾಯಿತೆಂದು ಗೊಣಗುವುದಕ್ಕೆ ಅಧಿಕಾರಿಗಳಲ್ಲ. ಮತವಿಲ್ಲದವನಿಗೆ ಶಾಸನಸಭೆಯ ಬಾಗಿಲಿಲ್ಲ. ಬಾಗಿಲನ್ನು ಮುಚ್ಚಿದವರೇ ಬಾಗಿಲಿನಿಂದ ಬರಲಿಲ್ಲವೇಕೆಂದು ಕೇಳುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ಪೋಲೀಸಿನವನೂ ಮನುಷ್ಯನಲ್ಲವೆ? ಇತರರು ಮಲಗಿರುವಾಗ ಅವನು ಎಚ್ಚತ್ತಿರುವನು; ಇತರರು ಓಡಿಹೋಗುವ ಕಡೆಗೆ ಅವನು ಹೋಗಬೇಕಾಗಿರುವನು; ಕ್ಷಣಾರ್ಧದಲ್ಲಿ ಪ್ರಾಣಭಯದ ನಡುವೆ ನಿರ್ಧರಿಸಬೇಕಾಗಿರುವನು. ಆರಾಮಕುರ್ಚಿಯಲ್ಲಿ ಕುಳಿತು ಅವನನ್ನು ನಿಂದಿಸುವುದು ಸುಲಭ. ಈ ಮಾತು ನಿಜ, ಮತ್ತು ಅದನ್ನು ಮರೆತ ಪ್ರತಿಭಟನೆಯು ಕೃತಘ್ನತೆಯಾಗುವುದು. ಆದರೆ ಕ್ಷಣದ ತಪ್ಪಿಗೆ ಸಲ್ಲುವ ಕ್ಷಮೆಯು ಕ್ಷಣವನ್ನು ಮೀರಿದ ತಪ್ಪಿಗೆ ಸಲ್ಲದು. ೨೦೨೦ರ ಮೇ ೨೫ರಂದು ಅಮೆರಿಕಾದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣದ ಪ್ರಜೆಯನ್ನು, ಕೈಗೆ ಬೇಡಿಯಿದ್ದಂತೆಯೇ ನೆಲಕ್ಕೆ ಕೆಡಹಿ, ಪೋಲೀಸಿನವನೊಬ್ಬನು ಅವನ ಕೊರಳ ಮೇಲೆ ಒಂಬತ್ತು ನಿಮಿಷಗಳಿಗಿಂತ ಹೆಚ್ಚು ಕಾಲ ಮಂಡಿಯೂರಿದನು. ಉಸಿರಾಡಲಾರೆನೆಂದು ಅವನು ಮೊರೆಯಿಟ್ಟನು, ಸುತ್ತಲಿದ್ದವರು ಬೇಡಿಕೊಂಡರು. ಒಂಬತ್ತು ನಿಮಿಷವೆಂಬುದು ಕ್ಷಣಾರ್ಧವಲ್ಲ. ಅದಕ್ಕಿಂತಲೂ ಯೋಚಿಸಬೇಕಾದುದು ಆಮೇಲಿನ ಸಂಗತಿ. ಪೋಲೀಸು ಇಲಾಖೆಯ ಮೊದಲ ಪ್ರಕಟಣೆಯು, ಬಂಧನದ ಸಮಯದಲ್ಲಿ ಒಬ್ಬ ಮನುಷ್ಯನಿಗೆ ದೇಹಾಲಸ್ಯವುಂಟಾಗಿ ಮೃತನಾದನೆಂಬ ಅರ್ಥದ್ದಾಗಿದ್ದಿತು. ಮಂಡಿಯ ಮಾತೇ ಅದರಲ್ಲಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಆ ದೃಶ್ಯವನ್ನು ಸೆರೆಹಿಡಿಯದಿದ್ದರೆ ಆ ಪ್ರಕಟಣೆಯೇ ಚರಿತ್ರೆಯಾಗಿ ನಿಲ್ಲುತ್ತಿದ್ದಿತು. ಒಬ್ಬನ ಕೈಯ ಕ್ರೌರ್ಯವು ಒಬ್ಬನ ಪಾಪ. ಅದನ್ನು ಮರೆಮಾಡುವ ಕಾಗದವು ಇಡೀ ವ್ಯವಸ್ಥೆಯ ಪಾಪ. ಬೇಲಿಯು ಒಮ್ಮೆ ಹೊಲವನ್ನು ಮೇಯ್ದರೆ ಬೇಲಿಯನ್ನು ಸರಿಪಡಿಸಬಹುದು. ಹೊಲದಲ್ಲಿ ಪೈರೇ ಇರಲಿಲ್ಲವೆಂದು ದಾಖಲೆ ಬರೆದರೆ ರೈತನಿಗೆ ಉಳಿಯುವ ದಾರಿ ಯಾವುದು?

ಮೂರನೆಯ ಆಕ್ಷೇಪಣೆ ಇದು: ಬೀದಿಗಿಳಿದ ಗುಂಪು ಜನತೆಯಲ್ಲ. ಗುಂಪಿಗೆ ಕಿವಿಯಿಲ್ಲ, ನಾಳೆಯ ಯೋಚನೆಯಿಲ್ಲ. ಅದೇ ಮಿನಿಯಾಪೊಲಿಸ್ ನಗರದಲ್ಲಿ ಮೇ ೨೮ರ ರಾತ್ರಿ ಪೋಲೀಸು ಠಾಣೆಯೊಂದನ್ನು ಸುಟ್ಟರು. ಆ ದಿನಗಳಲ್ಲಿ ಅನೇಕ ಅಂಗಡಿಗಳು ಬೂದಿಯಾದವು. ಅವುಗಳಲ್ಲಿ ಬಡವರ ಅಂಗಡಿಗಳೂ ಇದ್ದವು. ಇದನ್ನು ಕೋಪದ ಹೆಸರಿನಲ್ಲಿ ಸಮರ್ಥಿಸುವವರು, ತಾವು ಯಾವ ತಪ್ಪನ್ನು ಖಂಡಿಸಲು ಹೊರಟರೋ ಅದನ್ನೇ ಮಾಡುವರು. ತಪ್ಪು ಮಾಡದವನ ಮೇಲೆ ಬಲವನ್ನು ಹೂಡುವುದೇ ತಾನೆ ಪೋಲೀಸಿನವನ ಮೇಲೆ ಹೊರಿಸಿದ ಆರೋಪ? ಅಂಗಡಿಯವನು ಯಾರ ಕೊರಳನ್ನೂ ಒತ್ತಿರಲಿಲ್ಲ. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಒಡೆದ ಕಿಟಕಿಗೆ ಮರುಗಿ ಮುರಿದ ಕೊರಳಿಗೆ ಮರುಗದವನ ಶಾಂತಿಪ್ರಿಯತೆಯು ಶುದ್ಧವಾದುದಲ್ಲ. ಕಿಟಕಿಯನ್ನು ಮತ್ತೆ ಕೂಡಿಸಬಹುದು.

ಗುಂಪು ಜನತೆಯಾಗುವುದು ಹೇಗೆ ಎಂಬುದಕ್ಕೆ ಉತ್ತರವನ್ನು ಹುಡುಕಿದರೆ ದಾರಿಯು ಭಾರತದ ಕಡೆಗೇ ತಿರುಗುತ್ತದೆ. ೧೯೨೨ರ ಫೆಬ್ರವರಿಯಲ್ಲಿ ಚೌರಿಚೌರಾದ ಠಾಣೆಗೆ ಗುಂಪು ಬೆಂಕಿಯಿಟ್ಟು ಒಳಗಿದ್ದ ಪೋಲೀಸರನ್ನು ಕೊಂದಾಗ, ಅದಕ್ಕೆ ಮುಂಚೆ ಪೋಲೀಸರು ಗುಂಡು ಹಾರಿಸಿದ್ದರೆಂಬುದು ಗೊತ್ತಿದ್ದೂ, ಗಾಂಧೀಜಿಯವರು ದೇಶವ್ಯಾಪಿಯಾಗಿದ್ದ ಚಳವಳಿಯನ್ನು ನಿಲ್ಲಿಸಿಬಿಟ್ಟರು. ಸೆರೆಯಲ್ಲಿದ್ದ ನಾಯಕರೇ ಕಳವಳಪಟ್ಟರು. ಎಂಟು ವರ್ಷಗಳ ಮೇಲೆ, ೧೯೩೦ರ ಮೇ ತಿಂಗಳಲ್ಲಿ, ಧಾರಾಸಣದ ಉಪ್ಪಿನ ಮಳಿಗೆಗಳ ಮುಂದೆ ಸತ್ಯಾಗ್ರಹಿಗಳು ಸಾಲುಸಾಲಾಗಿ ಬಂದು ಲಾಠಿಗಳಿಗೆ ತಲೆಯೊಡ್ಡಿದರು. ಅಷ್ಟರಲ್ಲಿ ಕಲಿತುಕೊಂಡುದೇನೆಂಬುದು ಆಗ ಲೋಕಕ್ಕೆ ಕಂಡಿತು. ಮುಂದೆ ಜೇಮ್ಸ್ ಲಾಸನ್ ಎಂಬ ಅಮೆರಿಕಾದ ಕಪ್ಪು ವರ್ಣದ ತರುಣನು ಮಿಶನರಿಯಾಗಿ ನಾಗಪುರದಲ್ಲಿ ೧೯೫೩ರಿಂದ ಕೆಲವು ವರ್ಷಗಳಿದ್ದು, ಸತ್ಯಾಗ್ರಹದ ವಿಧಾನವನ್ನು ಅಭ್ಯಾಸಮಾಡಿ, ಸ್ವದೇಶಕ್ಕೆ ಮರಳಿ ನ್ಯಾಶ್‌ವಿಲ್ ನಗರದಲ್ಲಿ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದನು. ಒಬ್ಬನು ಕುಳಿತಿರಬೇಕು, ಇತರರು ಅವನನ್ನು ಬೈಯಬೇಕು, ನೂಕಬೇಕು, ಅವನು ಕೈಯೆತ್ತದೆ ಸಹಿಸಬೇಕು. ಹೀಗೆ ಸಾಧನೆ ನಡೆಯಿತು. ಆ ವಿದ್ಯಾರ್ಥಿಗಳಲ್ಲಿ ಜಾನ್ ಲೂಯಿಸನೂ ಒಬ್ಬನು. ಸೆಲ್ಮಾದ ಸೇತುವೆಯ ಮೇಲೆ ಆರುನೂರು ಮಂದಿ ಕೈಯೆತ್ತದೆ ಇದ್ದುದು ಭೀರುತ್ವದಿಂದಲ್ಲ, ಶಿಕ್ಷಣದಿಂದ. ಆಯುಧವಿಲ್ಲದವರು ಪೆಟ್ಟನ್ನು ತಾಳುವುದಕ್ಕೆ ಶಿಕ್ಷಣ ಪಡೆದಿದ್ದರು; ಆಯುಧವಿದ್ದವರಲ್ಲಿ ಪೆಟ್ಟನ್ನು ತಡೆಹಿಡಿಯುವ ಶಿಕ್ಷಣವು ಕಾಣಲಿಲ್ಲ. ಪ್ರಜಾಪ್ರಭುತ್ವಕ್ಕೆ ಬೇಕಾದುದು ಎರಡು ಕಡೆಯ ಶಿಕ್ಷಣ.

ಭಾರತಕ್ಕೆ ಈ ಪ್ರಶ್ನೆ ಪರಕೀಯವಲ್ಲ. ಇಲ್ಲಿಯ ಪೋಲೀಸು ವ್ಯವಸ್ಥೆಯು ೧೮೬೧ರ ಕಾಯಿದೆಯಿಂದ ರೂಪುಗೊಂಡುದು. ೧೮೫೭ರ ಬಂಡಾಯವನ್ನು ಕಂಡ ಅನ್ಯರ ಸರ್ಕಾರವು ತನ್ನ ಆಳ್ವಿಕೆಯ ಭದ್ರತೆಗೆಂದು ಕಟ್ಟಿದುದು. ಆ ಸರ್ಕಾರಕ್ಕೇ ತನ್ನ ಪೋಲೀಸರ ಮೇಲೆ ಪೂರ್ಣ ನಂಬಿಕೆಯಿರಲಿಲ್ಲ. ಪೋಲೀಸಿನವನ ಮುಂದೆ ಮಾಡಿದ ತಪ್ಪೊಪ್ಪಿಗೆಯು ಸಾಕ್ಷ್ಯಕ್ಕೆ ಸಲ್ಲದೆಂದು ೧೮೭೨ರ ಕಾಯಿದೆಯಲ್ಲಿ ಬರೆದಿಟ್ಟಿತು. ೧೯೩೮ರ ಏಪ್ರಿಲ್ ೨೫ರಂದು ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜವನ್ನೇರಿಸಲು ನೆರೆದಿದ್ದ ಜನರ ಮೇಲೆ ಗುಂಡು ಹಾರಿತು. ಅಂದು ದಂಡವು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ೧೯೫೦ರಲ್ಲಿ ಸಂವಿಧಾನವು ಜಾರಿಗೆ ಬಂದಿತು. ಆಯುಧವಿಲ್ಲದೆ ಶಾಂತವಾಗಿ ಸಭೆ ಸೇರುವುದು ಮೂಲಭೂತ ಹಕ್ಕಾಯಿತು. ಲಾಠಿಯ ಏಟನ್ನು ತಿಂದವರೇ ಲಾಠಿಯ ಒಡೆಯರಾದರು. ಒಡೆತನವು ಬದಲಾದಷ್ಟು ಬೇಗ ಅಭ್ಯಾಸವು ಬದಲಾಗಲಿಲ್ಲ. ಬಂಧನಕ್ಕೊಳಗಾದವನ ಮೈಮೇಲಿನ ಗಾಯಗಳನ್ನು ದಾಖಲೆಮಾಡಬೇಕು, ಅವನ ಸಂಬಂಧಿಕರಿಗೆ ತಿಳಿಸಬೇಕು ಎಂಬಂಥ ಸಾಮಾನ್ಯ ನಿಯಮಗಳನ್ನು ಪರಮೋಚ್ಚ ನ್ಯಾಯಾಲಯವು ೧೯೯೬ರ ಡಿಸೆಂಬರಿನಲ್ಲಿ, ಬಸು ಮೊಕದ್ದಮೆಯ ತೀರ್ಪಿನಲ್ಲಿ ವಿಧಿಸಬೇಕಾಯಿತು. ಪೋಲೀಸರ ಮೇಲಣ ದೂರುಗಳನ್ನು ವಿಚಾರಿಸುವ ಪ್ರಾಧಿಕಾರಗಳು ಇರಬೇಕೆಂದು ಅದೇ ನ್ಯಾಯಾಲಯವು ೨೦೦೬ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಆಜ್ಞಾಪಿಸಿತು.

ಆದರೆ ನ್ಯಾಯಾಲಯದ ಆಜ್ಞೆಗಿಂತ ಬಲವಾದುದು ಮನೆಗಳ ಅಭಿಪ್ರಾಯ. ೨೦೧೯ರ ಡಿಸೆಂಬರ್ ೬ರ ಮುಂಜಾನೆ ಹೈದರಾಬಾದಿನ ಬಳಿ, ಯುವ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದರೆಂಬ ಆರೋಪದ ಮೇಲೆ ಬಂಧಿತರಾಗಿದ್ದ ನಾಲ್ವರು ಪೋಲೀಸರ ಗುಂಡಿಗೆ ಸತ್ತರು. ಜನರು ಪೋಲೀಸರ ಮೇಲೆ ಹೂವಿನ ಪಕಳೆಗಳನ್ನೆರಚಿದರು. ಪರಮೋಚ್ಚ ನ್ಯಾಯಾಲಯವು ನೇಮಿಸಿದ ಆಯೋಗವು, ಆ ಗುಂಡುಗಳು ಕೊಲ್ಲುವ ಉದ್ದೇಶದಿಂದಲೇ ಹಾರಿಸಿದವೆಂದು ೨೦೨೨ರಲ್ಲಿ ಅಭಿಪ್ರಾಯವಿತ್ತಿತು. ಆ ಹೆಣ್ಣುಮಗಳಿಗಾದ ಅನ್ಯಾಯಕ್ಕೆ ಜನರ ಕರುಳು ಬೆಂದುದು ಸಹಜ. ನ್ಯಾಯಾಲಯದ ವಿಳಂಬಕ್ಕೆ ಬೇಸತ್ತುದೂ ಸಹಜ. ಆದರೆ ವಿಚಾರಣೆಯಿಲ್ಲದೆ ಕೊಂದ ಕೈಗೆ ಹೂವೆರಚಿದವರು ಆ ಕೈಗೆ ಒಂದು ಅಪ್ಪಣೆಯನ್ನು ಕೊಟ್ಟರು. ಅಪರಾಧಿಯೆಂದು ಅದು ತಿಳಿದವರೆಲ್ಲರ ಮೇಲೆಯೂ ಆ ಅಪ್ಪಣೆ ನಡೆಯುವುದು. ಠಾಣೆಯಲ್ಲಿ ಕಳ್ಳನಿಗೆ ಬಿದ್ದ ಪೆಟ್ಟನ್ನು ಕೇಳಿ, ಹಾಗೇ ಆಗಬೇಕು ಎಂದು ಊಟದ ಮನೆಯಲ್ಲಿ ನುಡಿಯುವ ಸಭ್ಯ ಗೃಹಸ್ಥನು ತಾನು ಏನನ್ನೂ ಮಾಡಲಿಲ್ಲವೆಂದು ತಿಳಿದಿರುವನು. ಅಲ್ಲ, ದಂಡದ ಒಡೆಯನಾಗಿ ಅವನು ಆಜ್ಞೆಗೆ ರುಜು ಹಾಕಿರುವನು. ಬೀದಿಗಿಳಿಯುವುದು ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ಆ ರುಜುವನ್ನು ಹಾಕದಿರುವುದು, ಮಕ್ಕಳ ಮುಂದೆ ಆ ಮಾತನ್ನು ಆಡದಿರುವುದು, ನಡೆದುದೇನೆಂದು ಕೇಳುವುದು ಎಲ್ಲರಿಗೂ ಸಾಧ್ಯ. ಪ್ರತಿಭಟನೆಯ ಮೊದಲ ಮೆಟ್ಟಿಲು ಮನೆಯ ಒಳಗೇ ಇದೆ.

ಪ್ರತಿಭಟನೆಯಿಂದ ಎಲ್ಲವೂ ಕೈಗೂಡುವುದೆಂದಾಗಲಿ, ಕೈಗೂಡಿದುದು ಉಳಿಯುವುದೆಂದಾಗಲಿ ಹೇಳುವಂತಿಲ್ಲ. ಜಿಮ್ಮಿ ಲೀ ಜಾಕ್ಸನನನ್ನು ಕೊಂದವನು ನಲವತ್ತೈದು ವರ್ಷಗಳಾದ ಮೇಲೆ, ೨೦೧೦ರಲ್ಲಿ, ತಪ್ಪೊಪ್ಪಿಕೊಂಡನು. ಅವನಿಗಾದ ಶಿಕ್ಷೆ ಆರು ತಿಂಗಳ ಸೆರೆವಾಸ. ಫ್ಲಾಯ್ಡನನ್ನು ಕೊಂದವನಿಗೆ ಮರುವರ್ಷವೇ ಇಪ್ಪತ್ತೆರಡೂವರೆ ವರ್ಷಗಳ ಶಿಕ್ಷೆಯಾಯಿತು. ಈ ಎರಡು ಲೆಕ್ಕಗಳ ನಡುವಣ ಅಂತರವನ್ನು ದುಡಿದು ಗಳಿಸಿದವರು ಅನೇಕರು. ಆದರೆ ೧೯೬೫ರ ಮತದಾನದ ಕಾಯಿದೆಯ ಮುಖ್ಯ ಅಂಗವೊಂದನ್ನು ಅದೇ ದೇಶದ ಪರಮೋಚ್ಚ ನ್ಯಾಯಾಲಯವು ೨೦೧೩ರಲ್ಲಿ ತೆಗೆದುಹಾಕಿತು. ಗಳಿಸಿದುದನ್ನು ಕಾಯುವ ಕೆಲಸವು ಪ್ರತಿಯೊಂದು ತಲೆಮಾರಿಗೂ ಹೊಸದಾಗಿ ಬರುವುದು.

ಜಾನ್ ಲೂಯಿಸನು ಮುಂದೆ ಶಾಸನಸಭೆಯ ಸದಸ್ಯನಾಗಿ ಮೂವತ್ತಮೂರು ವರ್ಷಗಳಷ್ಟು ಕಾಲ ಸೇವೆಸಲ್ಲಿಸಿ ೨೦೨೦ರ ಜುಲೈ ೧೭ರಂದು ತೀರಿಕೊಂಡನು. ೨೬ರಂದು ಅವನ ಶವಪೆಟ್ಟಿಗೆಯನ್ನು ಕುದುರೆಗಾಡಿಯಲ್ಲಿಟ್ಟು ಸೆಲ್ಮಾದ ಸೇತುವೆಯನ್ನು ಕೊನೆಯ ಸಲ ದಾಟಿಸಿದರು. ರಕ್ತ ಬಿದ್ದಿದ್ದ ಎಡೆಯಲ್ಲಿ ಗುಲಾಬಿಯ ಪಕಳೆಗಳನ್ನು ಚೆಲ್ಲಿದ್ದರು. ಆಚೆಯ ದಡದಲ್ಲಿ ಆಲಬಾಮ ಸಂಸ್ಥಾನದ ಪೋಲೀಸರು ಕಾದು ನಿಂತಿದ್ದರು. ಗಾಡಿಯು ಹತ್ತಿರ ಬಂದಾಗ ಅವರು ಕೈಯೆತ್ತಿ ವಂದನೆ ಸಲ್ಲಿಸಿದರು. ಐವತ್ತೈದು ವರ್ಷಗಳ ಹಿಂದೆ ಅದೇ ಪಡೆಯವರ ಕೈ ಅದೇ ಮನುಷ್ಯನ ಮೇಲೆ ಎದ್ದಿದ್ದಿತು.